ಬೇನನ್ ಬಾಯಿ

ಹಾಪ್ಕಿನ್ ಬೇನನ್‌ಗೆ ಒಂದು ಅಭ್ಯಾಸವಿತ್ತು. ಯಾರು ಏನೇ ಹೇಳಲಿ, ಮಾತು ಮುಗಿದ ಕೂಡಲೇ ಗಂಭೀರವಾಗಿ ತಲೆಯಾಡಿಸಿ, "ಅದನ್ನೇ ನಾನೂ ಹೇಳ್ತಿದ್ದೆ" ಎನ್ನುತ್ತಿದ್ದ. ಮಳೆ ಬರುತ್ತದೆ ಎಂದರೆ ಅವನೂ ಅದನ್ನೇ ಹೇಳುತ್ತಿದ್ದ. ಬರುವುದಿಲ್ಲ ಎಂದರೂ ಅದನ್ನೇ ಹೇಳುತ್ತಿದ್ದ. ಚಾಪೆಲ್ಲಿನ ಪಾದ್ರಿ ಒಂದೂವರೆ ಗಂಟೆ ನರಕದ ಬಿಸಿಯನ್ನು ವರ್ಣಿಸಿ ಬೆವರೊರೆಸಿಕೊಂಡು ಕೆಳಗಿಳಿದಾಗ, ಬಾಗಿಲಲ್ಲಿ ಅವರ ಕೈಕುಲುಕಿ ಅದನ್ನೇ ಹೇಳಿದ್ದ. ಪಾದ್ರಿಗಳು ಅವನನ್ನು ಅನುಮಾನದಿಂದ ನೋಡಿದ್ದರು. ಇದರಿಂದ ಯಾರಿಗೂ ಏನೂ ನಷ್ಟವಿಲ್ಲ ಎಂದೇ ವೇಲ್ಸಿನ ಟ್ರೈತ್‌ವೆನ್ ಊರಿನವರೆಲ್ಲ ಮೂವತ್ತೈದು ವರ್ಷ ನಂಬಿಕೊಂಡಿದ್ದರು.

ಮೂವತ್ತೈದು ವರ್ಷದ ಲೆಕ್ಕ ಶುರುವಾಗುವುದು 1927ರ ವಸಂತದಲ್ಲಿ. ಊರಿನ ಮುಂದೆ ಏಳು ಮೈಲಿ ಮರಳು ದಂಡೆ. ಸಮುದ್ರ ಹಿಂದೆ ಸರಿದಾಗ ಅದು ಗಾರೆ ನೆಲದಷ್ಟು ಗಟ್ಟಿ. ಕ್ಯಾಪ್ಟನ್ ಥ್ರಾಪ್ ಎಂಬ ಶ್ರೀಮಂತ ತನ್ನ 'ಡಚೆಸ್' ಎಂಬ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಅಲ್ಲಿಗೆ ಬಂದ. ಕಾರು ಎನ್ನುವುದು ಮರ್ಯಾದೆಗೆ. ಯುದ್ಧ ಮುಗಿದು ಯಾರಿಗೂ ಬೇಡವಾಗಿದ್ದ ಒಂದು ವಿಮಾನದ ಎಂಜಿನ್ನಿಗೆ ನಾಲ್ಕು ಚಕ್ರ ಕಟ್ಟಿ, ಹಿಂದುಗಡೆ ಒಬ್ಬ ಮನುಷ್ಯನನ್ನು ತುರುಕುವಷ್ಟು ತೂತು ಬಿಟ್ಟಿದ್ದರು. ಹದಿನೈದು ದಿನ ಓಡಿಸಿದರೂ ಅದು ವೇಗದ ದಾಖಲೆಯ ಹತ್ತಿರ ಸುಳಿಯಲಿಲ್ಲ. ಅರ್ಧ ದಾರಿಯಲ್ಲೇ ಕಾದು, ಬುಸುಗುಟ್ಟಿ, ಆವಿ ಉಗುಳಿ ನಿಲ್ಲುತ್ತಿತ್ತು. ಮುಖ್ಯ ಮೆಕ್ಯಾನಿಕ್ ಫೆನ್ ಊಟ ಬಿಟ್ಟ. ಉಳಿದವರು ಬಿಡಲಿಲ್ಲವಾದ್ದರಿಂದ ಬೇನನ್ ಬೇಕರಿಯಿಂದ ದಿನವೂ ಬ್ರೆಡ್ಡು ಹೋಗುತ್ತಿತ್ತು. ತರುತ್ತಿದ್ದವರು ಹಾಪ್ಕಿನ್ ಮತ್ತು ಅವನ ತಂಗಿ ಮಾರ್ಗೆಡ್.

ಹದಿನಾರನೆಯ ದಿನ ಕ್ಯಾಪ್ಟನ್ ತನ್ನ ಕೋಟು ಕಳಚಿ ಹಾಪ್ಕಿನ್ ಕೈಗೆ ಕೊಟ್ಟ. ಹಾಪ್ಕಿನ್ ಅದನ್ನು ಎರಡೂ ತೋಳ ಮೇಲೆ ಹಸುಗೂಸಿನಂತೆ ಮಲಗಿಸಿಕೊಂಡು ನಿಂತ. ಇಡೀ ಘಟನೆಯಲ್ಲಿ ಅವನ ಪಾತ್ರ ಅಷ್ಟೇ, ಮತ್ತು ಅದನ್ನವನು ನಿಷ್ಠೆಯಿಂದ ಮಾಡಿದ. ಮಾರ್ಗೆಡ್ ಮಾತ್ರ ಬುಟ್ಟಿ ಕೆಳಗಿಟ್ಟು ಕಾರಿನ ಮೂತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡುತ್ತಿದ್ದಳು.

"ಇದರ ಬಾಯಿ ತೀರಾ ದೊಡ್ಡದಾಯ್ತು," ಎಂದಳು.

"ಏನಂದ್ರಿ?" ಎಂದ ಫೆನ್.

"ನಮ್ಮ ಒಲೆಗೂ ಹಿಂಗೇ ಆಗುತ್ತೆ. ಬಾಯಿ ಪೂರ್ತಿ ತೆಗೆದ್ರೆ ಹೊಗೆ ಮುಖಕ್ಕೇ ಹೊಡೆಯುತ್ತೆ, ಉರಿ ಏಳಲ್ಲ. ಬಾಯಿ ಚಿಕ್ಕದು ಮಾಡಿ ಹಿಂದೆ ದಾರಿ ಬಿಟ್ರೆ ತಾನೇ ಎಳ್ಕೊಳ್ಳುತ್ತೆ. ನೀವು ಗಾಳೀನ ಒಳಗೆ ತುಂಬಿಸ್ತಾನೇ ಇದೀರಿ. ಅದು ಪಾಪ, ಹೊರಗೆ ಹೋಗೋದು ಎಲ್ಲಿಂದ?"

ಫೆನ್ ಬಾಯಿ ತೆರೆದು ನಿಂತ. ಕೋಟಿನ ಹಿಂದಿನಿಂದ ಹಾಪ್ಕಿನ್, "ಅದನ್ನೇ ನಾನೂ ಹೇಳ್ತಿದ್ದೆ," ಎಂದ.

ಮಾರ್ಗೆಡ್ ಒಂದು ಬ್ರೆಡ್ ಟಿನ್ನನ್ನು ಕತ್ತರಿಸಿ ಹರವಿ ಆ ಮೂತಿಗೆ ಅಡ್ಡ ಹಿಡಿದಳು. ಫೆನ್ ರಿವೆಟ್ ಹೊಡೆದು, ಹಿಂದೆ ಗಾಳಿಗೆ ಸೀಳು ಬಿಟ್ಟ. ಮಧ್ಯಾಹ್ನ ಡಚೆಸ್ ಹೋಗುತ್ತಾ ಬರುತ್ತಾ ಗಂಟೆಗೆ ಒಂಬತ್ತು ಮೈಲಿ ಹೆಚ್ಚು ಓಡಿ ತನ್ನ ವರ್ಗದ ದಾಖಲೆ ಹೊಡೆಯಿತು. ದಾಖಲೆ ಹನ್ನೆರಡು ದಿನ ಬಾಳಿತು. ಕ್ಯಾಪ್ಟನ್ ಥ್ರಾಪ್ ಕಾರು ಬಿಟ್ಟು ದೋಣಿ ಹಿಡಿದ.

ಊರಿನ ಪಬ್ಬಿನಲ್ಲಿ ಹಾಪ್ಕಿನ್ ಈ ಕಥೆ ಹೇಳತೊಡಗಿದ. ಮೊದಲ ವಾರ ಮಾರ್ಗೆಡ್ ಹೇಳಿದಳು, ತಾನು ಒಪ್ಪಿದೆ ಎಂದಿತ್ತು. ಎರಡನೆಯ ತಿಂಗಳಿಗೆ ತಾನು ಹೇಳಿದೆ, ಮಾರ್ಗೆಡ್ ಒಪ್ಪಿದಳು ಎಂದಾಯಿತು. ಮೂರನೆಯ ತಿಂಗಳಿಗೆ ಮಾರ್ಗೆಡ್ ಟಿನ್ನು ಹೊತ್ತು ತಂದವಳಾದಳು. ಅಷ್ಟು ಹೊತ್ತಿಗೆ ಕೊವೆಂಟ್ರಿಯ ಕಾರು ಕಾರ್ಖಾನೆ ಸೇರಿದ್ದ ಫೆನ್‌ನಿಂದ ಒಂದು ಕಾಗದ ಬಂತು. ಕಾರ್ಖಾನೆಯ ಜನ ಎಲ್ಲರನ್ನೂ ಮನೆತನದ ಹೆಸರಿಂದಲೇ ಕರೆಯುವುದು, ಫೆನ್ ಹಾಗೆಯೇ ಬರೆದಿದ್ದ: "ಪ್ರಿಯ ಬೇನನ್, ನಿಮ್ಮ ಒಲೆಯ ಮಾತು ಮರೆತಿಲ್ಲ. ನಿಮ್ಮಂಥ ಕಣ್ಣು ನಮ್ಮ ಕಾರ್ಖಾನೆಗೆ ಬೇಕು. ಬಂದು ನಮ್ಮಲ್ಲಿ ಕೆಲಸಕ್ಕೆ ಸೇರಿ."

ಲಕೋಟೆಯ ಮೇಲೆ 'ಎಂ. ಬೇನನ್' ಎಂದಿತ್ತು. ಎಂ ಅಂದರೆ ಮಿಸ್ಟರ್ ಎಂದು ಹಾಪ್ಕಿನ್ ಒಂದು ಕ್ಷಣವೂ ತಡಮಾಡದೆ ತೀರ್ಮಾನಿಸಿದ. ಮೋಸ ಮಾಡುವಷ್ಟು ಚುರುಕು ಅವನಲ್ಲಿರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಅವನು ತುಂಬ ಯೋಚಿಸಿ, "ನಾನು ಬಂದರೆ ಈ ಊರಿಗೆ ಬ್ರೆಡ್ಡು ಕೊಡುವವರು ಯಾರು? ಕ್ಷಮಿಸಿ. ಇತಿ, ಬೇನನ್" ಎಂದು ಉತ್ತರ ಬರೆದ. ಕಾಗದವನ್ನೂ ಲಕೋಟೆಯನ್ನೂ ಒಟ್ಟಿಗೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ. ಊರಿಗಾಗಿ ಭವಿಷ್ಯವನ್ನೇ ತ್ಯಾಗ ಮಾಡಿದವನ ಕೈಯಿಂದ ಬ್ರೆಡ್ಡು ಕೊಳ್ಳುವುದು ಟ್ರೈತ್‌ವೆನ್ನಿಗೂ ಹೆಮ್ಮೆಯೆನಿಸಿತು. ಬ್ರೆಡ್ಡು ಬೇಯಿಸುತ್ತಿದ್ದವಳು ಮಾರ್ಗೆಡ್ ಎಂಬುದು ಬೇರೆ ಮಾತು.

1962ರಲ್ಲಿ ಇನ್ನೊಂದು ಕಾಗದ ಬಂತು, ಈ ಸಲ ಊರಿನ ಪಂಚಾಯತಿಗೆ. ಮಿಸ್ ಕಿರ್ಬಿ ಎಂಬ ಎಂಜಿನಿಯರು ಬರೆದಿದ್ದಳು: ಫೆನ್ ಅವರು ಕಳೆದ ಚಳಿಗಾಲದಲ್ಲಿ ತೀರಿಕೊಂಡರು, ಅವರ ಟಿಪ್ಪಣಿ ಪುಸ್ತಕಗಳು ನನ್ನ ಕೈಗೆ ಬಂದಿವೆ, ನಮ್ಮ ಕಾರ್ಖಾನೆಯಲ್ಲಿ ಕಾರಿನ ಮುಂದೆ ಗಾಳಿಗಾಗಿ ಬಿಡುವ ಕಿರಿದಾದ ತೆರಪಿಗೆ ಹಳಬರು ಇಂದಿಗೂ 'ಬೇನನ್ ಬಾಯಿ' ಎನ್ನುತ್ತಾರೆ, ಆ ಬೇನನ್ ನಿಮ್ಮೂರಲ್ಲಿ ಯಾರಾದರೂ ಇದ್ದಾರೆಯೇ, ನೋಡಬೇಕಿತ್ತು.

ಪಂಚಾಯತಿಯ ಅಧ್ಯಕ್ಷ, ಕಸಾಯಿ ಅಂಗಡಿಯ ಗೆಥಿನ್ ರಾಸರ್, ಕಾಗದ ಹಿಡಿದು ಏಪ್ರನ್ನಿನಲ್ಲೇ ಬೀದಿಗೆ ಓಡಿಬಂದ.

"ಕೇಳ್ರಯ್ಯಾ! ಬೇನನ್ ಬಾಯಿ ಕೊವೆಂಟ್ರಿವರೆಗೂ ಮುಟ್ಟಿದೆಯಂತೆ!"

"ಅದರಲ್ಲೇನು ವಿಶೇಷ?" ಎಂದ ಅಂಚೆಯ ಎಬೆನೇಸರ್, ಸೈಕಲ್ಲಿನಿಂದ ಇಳಿಯದೆ. "ಗಾಳಿ ಆ ಕಡೆ ಬೀಸಿದ್ರೆ ಐರ್ಲೆಂಡಿಗೂ ಕೇಳಿಸುತ್ತೆ."

"ಕಿರಿದಾದ ಬಾಯಿ ಅಂತ ಬರ್ದಿದಾರೆ ಕಣೋ."

"ಹಂಗಾದ್ರೆ ಇವನದಲ್ಲ," ಎಂದು ಎಬೆನೇಸರ್ ಪೆಡಲು ತುಳಿದ. ಅವನಿಗೆ ಬೇನನ್ ಮನೆತನದ ಮೇಲೆ ಹಳೆಯ ಸಿಟ್ಟು. ಕಾರಣ ಯಾರಿಗೂ ಹೇಳಿರಲಿಲ್ಲ.

ಉಳಿದ ಊರು ಕುದಿಯಿತು. ಬ್ಯಾಂಡಿನವರು ತುತ್ತೂರಿ ಉಜ್ಜಿದರು. ರಾಸರ್ ಕಂಚಿನ ಫಲಕಕ್ಕೆ ಹೇಳಿಯೇಬಿಟ್ಟ: "ಇಲ್ಲಿ ಹಾಪ್ಕಿನ್ ಬೇನನ್ ಗಾಳಿಯನ್ನು ಗೆದ್ದನು." ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದ ಸೋದರತ್ತೆ ಹನ್ನಾ ಲನೆಲ್ಲಿ ಪಟ್ಟಣದಿಂದ ಸೂಟ್‌ಕೇಸು ಸಮೇತ ಇಳಿದು, "ಹುಟ್ಟಿದಾಗ್ಲೇ ಇವನ ತಲೆ ದೊಡ್ಡದಿತ್ತು, ನಾನೇ ನೋಡಿದ್ದೆ," ಎಂದು ಸಿಕ್ಕಸಿಕ್ಕವರಿಗೆ ಸಾಕ್ಷಿ ಹೇಳಿದಳು. ಪಾದ್ರಿಗಳು ಹಾಪ್ಕಿನ್‌ನನ್ನು ತಡೆದು, ಬೈಬಲ್ಲಿನ ಯಾವ ಪ್ರವಾದಿಗೂ ಸ್ವಂತ ಊರಿನಲ್ಲಿ ಇಷ್ಟು ಬ್ಯಾಂಡು ಸಿಕ್ಕಿರಲಿಲ್ಲ ಎಂದರು. ಹಾಪ್ಕಿನ್ ಅಭ್ಯಾಸಬಲದಿಂದ, ಅದನ್ನೇ ನಾನೂ ಹೇಳ್ತಿದ್ದೆ ಎಂದ.

ಆದರೆ ಒಳಗೊಳಗೇ ಅವನಿಗೆ ಅಳುಕಿತ್ತು. ಪಬ್ಬಿನಲ್ಲಿ ಹೇಳುವುದು ಬೇರೆ, ಎಂಜಿನಿಯರಿಗೆ ಹೇಳುವುದು ಬೇರೆ. ಅವನು ಒಲೆಮನೆಗೆ ಹೋಗಿ ಹಿಟ್ಟಿನ ಮೂಟೆಯ ಮೇಲೆ ಕೂತ. ಮಾರ್ಗೆಡ್ ಹಿಟ್ಟು ನಾದುತ್ತಿದ್ದಳು.

"ಮಾರ್ಗೆಡ್, ಆ ಬಾಯಿ ವಿಷಯ... ಚಿಕ್ಕದು ಮಾಡಿದ್ರೆ ವೇಗ ಯಾಕೆ ಜಾಸ್ತಿ ಆಗುತ್ತೆ? ನನಗೆ ಗೊತ್ತು. ನೀನು ಹೆಂಗೆ ಹೇಳ್ತೀಯ ಅಂತ ನೋಡೋಣ."

ಮಾರ್ಗೆಡ್ ತಲೆಯೆತ್ತದೆ ಹೇಳಿದಳು. ಒಳಗೆ ಹೋದ ಗಾಳಿ ನಿಂತರೆ ಅದು ಗೋಡೆಯಾಗುತ್ತದೆ. ಹರಿದರೆ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಬಾಯಿಗಿಂತ ಹೊಟ್ಟೆ ಅಗಲವಿರಬೇಕು, ಹೊಟ್ಟೆಯಿಂದ ಬಾಲಕ್ಕೆ ದಾರಿಯಿರಬೇಕು. ಹಾಪ್ಕಿನ್ ಅದನ್ನು ಸಕ್ಕರೆ ಚೀಲದ ಕಾಗದದ ಮೇಲೆ ಬರೆದುಕೊಂಡು, ಮೂರು ದಿನ ಚಾಪೆಲ್ಲಿನ ಪದ್ಯದಂತೆ ಬಾಯಿಪಾಠ ಮಾಡಿದ.

ಶನಿವಾರ ಬೆಳಿಗ್ಗೆ ಕಾರು ಬಂತು. ಹಿಂದಿನ ಸೀಟಿನಿಂದ ಪ್ಯಾಂಟು ತೊಟ್ಟ ಒಬ್ಬಳು ಹೆಂಗಸು ಇಳಿದಳು. ಮುಂದಿನಿಂದ ಟೋಪಿ ಹಾಕಿದ ದಪ್ಪ ಮನುಷ್ಯ. ರಾಸರ್ ನೇರವಾಗಿ ದಪ್ಪ ಮನುಷ್ಯನ ಕೈ ಹಿಡಿದು, ವೇಗ, ವಿಜ್ಞಾನ ಮತ್ತು ವೇಲ್ಸಿನ ಬಗ್ಗೆ ಹತ್ತು ನಿಮಿಷ ಸ್ವಾಗತ ಭಾಷಣ ಮಾಡಿದ. ಬ್ಯಾಂಡು ನುಡಿಸಿತು. ದಪ್ಪ ಮನುಷ್ಯ ಎಲ್ಲ ಮುಗಿಯುವವರೆಗೆ ಕಾದು, "ತುಂಬಾ ಸಂತೋಷ ಸಾರ್. ನಾನು ಡ್ರೈವರು. ಇಲ್ಲಿ ಪಾಯಿಖಾನೆ ಎಲ್ಲಿದೆ?" ಎಂದು ಕೇಳಿದ. ಮಿಸ್ ಕಿರ್ಬಿ ಅಷ್ಟರಲ್ಲಿ ತಾನೇ ದಾರಿ ಕೇಳಿಕೊಂಡು ಬೇಕರಿ ತಲುಪಿದ್ದಳು. ಈ ತರಹದ ಸ್ವಾಗತ ಅವಳಿಗೆ ಹೊಸದಲ್ಲ ಎಂಬಂತಿತ್ತು.

ಹಾಪ್ಕಿನ್ ಭಾನುವಾರದ ಸೂಟಿನಲ್ಲಿ ಗಲ್ಲಾದ ಹಿಂದೆ ನೆಟ್ಟಗೆ ನಿಂತಿದ್ದ. ಅತ್ತೆ ಹನ್ನಾ ಕುರ್ಚಿಯಲ್ಲಿ. ಬಾಗಿಲಾಚೆಯ ಒಲೆಮನೆಯಲ್ಲಿ ಮಾರ್ಗೆಡ್.

"ಮಿಸ್ಟರ್ ಬೇನನ್, ಆ ಯೋಚನೆ ಹೊಳೆದದ್ದು ಹೇಗೆ?"

"ಗಾಳಿ ನಿಂತರೆ ಗೋಡೆ," ಎಂದ ಹಾಪ್ಕಿನ್ ಕಣ್ಣುಮುಚ್ಚಿ. "ಹರಿದರೆ ಬಿಸಿ ಹೊರುತ್ತದೆ. ಹೊಟ್ಟೆಗಿಂತ ಬಾಯಿ ಅಗಲವಿರಬೇಕು—"

"ಬಾಯಿಗಿಂತ ಹೊಟ್ಟೆ," ಎಂದಿತು ಒಲೆಮನೆ.

"ಬಾಯಿಗಿಂತ ಹೊಟ್ಟೆ. ಅದನ್ನೇ ನಾನೂ ಹೇಳ್ತಿದ್ದೆ."

"ಸರಿ. ಫೆನ್ ಅವರ ಪುಸ್ತಕದಲ್ಲಿ ಅಂಟಿಸಿರೋ ಫೋಟೋದಲ್ಲಿ ತಗಡಿನ ಕೆಳಗೆ ಎರಡು ಬೆರಳು ಜಾಗ ಬಿಟ್ಟಿದೀರಲ್ಲ, ಯಾಕೆ?"

ಇದು ಸಕ್ಕರೆ ಚೀಲದಲ್ಲಿ ಇರಲಿಲ್ಲ. ಹಾಪ್ಕಿನ್ ಅತ್ತೆಯ ಮುಖ ನೋಡಿದ. ಅತ್ತೆ, "ಹೇಳು ಮಗನೇ," ಎಂದಳು.

"ತಗಡು... ಸಾಲಲಿಲ್ಲ," ಎಂದ ಹಾಪ್ಕಿನ್.

"ಮರಳಿಗೆ," ಎಂದಿತು ಒಲೆಮನೆ. "ಮೇಲೆ ಬಿಟ್ಟಿದ್ರೆ ಒಳಗೆ ನುಗ್ಗಿದ ಮರಳು ಅಲ್ಲೇ ಕೂತ್ಕೊಳ್ತಿತ್ತು. ಕೆಳಗೆ ಬಿಟ್ರೆ ತಾನೇ ಉದುರಿ ಹೋಗುತ್ತೆ. ಒಲೆಗೆ ಬೂದಿ ಬಾಯಿ ಇಡಲ್ವಾ, ಹಂಗೆ."

ಮಿಸ್ ಕಿರ್ಬಿ ಪೆನ್ಸಿಲು ನಿಲ್ಲಿಸಿದಳು. ಬಾಗಿಲ ಕಡೆ ನೋಡಿದಳು. ಆಮೇಲೆ ಗೋಡೆಯ ಚೌಕಟ್ಟಿನ ಹತ್ತಿರ ಹೋಗಿ ಕಾಗದವನ್ನೂ ಲಕೋಟೆಯನ್ನೂ ಓದಿದಳು.

"ಈ ಎಂ ಅಂದ್ರೆ?"

"ಮಿಸ್ಟರ್," ಎಂದ ಹಾಪ್ಕಿನ್.

"ಒಳಗಿರೋರ ಹೆಸರೇನು?"

"ನನ್ನ ತಂಗಿ. ಮಾ..." ಎಂದ ಹಾಪ್ಕಿನ್. ಅವನ ಕಣ್ಣು ಲಕೋಟೆಯ ಮೇಲಿನ ಎಂ ಕಡೆ ಹೋಯಿತು.

ಮಿಸ್ ಕಿರ್ಬಿ ಚೀಲದಿಂದ ಫೆನ್‌ನ ಟಿಪ್ಪಣಿ ಪುಸ್ತಕ ತೆಗೆದು ಒಂದು ಪುಟವನ್ನು ಮೆಲ್ಲಗೆ ಓದಿದಳು: "ಬೇನನ್ ಬರುವುದಿಲ್ಲವಂತೆ. ಊರಿಗೆ ಬ್ರೆಡ್ಡು ಕೊಡಬೇಕಂತೆ. ಎಂಥ ನಷ್ಟ. ಅವಳು ನಮ್ಮೆಲ್ಲರಿಗಿಂತ ಮುಂದೆ ಹೋಗುತ್ತಿದ್ದಳು."

ಹಾಪ್ಕಿನ್ ಆ ಕೊನೆಯ ವಾಕ್ಯವನ್ನು ಮತ್ತೊಮ್ಮೆ ಓದಿಸಿಕೊಂಡ. ಅತ್ತೆ ಹನ್ನಾ, "ಅವಳು ಅಂದ್ರೆ ಯಾರು, ಕಾರಾ?" ಎಂದು ಕೇಳಿದಳು. ಮಾರ್ಗೆಡ್ ಬಾಗಿಲಿಗೆ ಬಂದು, ಏಪ್ರನ್ನಿಗೆ ಕೈ ಒರೆಸಿಕೊಂಡು, "ಎಲ್ಲಾರಿಗೂ ಟೀ ತರ್ಲಾ?" ಎಂದಳು.

ಮೂರು ಗಂಟೆಗೆ ಚಾಪೆಲ್ಲಿನ ಸಭಾಂಗಣದಲ್ಲಿ ಸಭೆ. ಫಲಕ ಬಟ್ಟೆಯ ಹಿಂದೆ ಕಾದಿತ್ತು. ಹಾಪ್ಕಿನ್ ವೇದಿಕೆ ಹತ್ತಿ, ಎರಡು ಸಲ ಕೆಮ್ಮಿ, ಬದುಕಿನಲ್ಲಿ ಮೊದಲ ಬಾರಿಗೆ ಬೇರೆ ಯಾರೂ ಹೇಳದೆ ಇದ್ದ ಮಾತೊಂದನ್ನು ಹೇಳಿದ.

"ಅದು ನಾನಲ್ಲ. ನಾನು ಕೋಟು ಹಿಡ್ಕೊಂಡು ನಿಂತಿದ್ದೆ. ಮಾಡಿದ್ದೆಲ್ಲಾ ಮಾರ್ಗೆಡ್. ಕಾಗದ ಬಂದಿದ್ದೂ ಅವಳಿಗೆ. ನಾನು ತಪ್ಪು ಮಾಡ್ಬಿಟ್ಟೆ."

ರಾಸರ್ ಕಣ್ಣೊರೆಸಿಕೊಳ್ಳುತ್ತಾ ಎದ್ದ.

"ನೋಡಿದ್ರಾ! ದೊಡ್ಡ ಮನುಷ್ಯ ಅಂದ್ರೆ ಇವನು! ತನ್ನ ಹೆಸರನ್ನೂ ತಂಗಿಗೆ ಕೊಟ್ಬಿಟ್ಟ!"

"ಇಲ್ಲಪ್ಪಾ, ನಿಜವಾಗ್ಲೂ—"

"ಇನ್ನೂ ವಿನಯ! ಸಾಕು ಮಾರಾಯ, ಅಳಿಸ್ಬೇಡ!"

ಚಪ್ಪಾಳೆ ಛಾವಣಿಗೆ ಬಡಿಯಿತು. ಮಿಸ್ ಕಿರ್ಬಿ ಎದ್ದು, "ಅವರು ಹೇಳ್ತಿರೋದು ಸತ್ಯ, ನನ್ನ ಹತ್ರ ದಾಖಲೆ ಇದೆ," ಎಂದು ಕೂಗಿದಳು. ಬ್ಯಾಂಡಿನ ದೊಡ್ಡ ಡೋಲು ಅದನ್ನು ನುಂಗಿತು. ಮುಂದಿನ ಸಾಲಿನವರಿಗೆ ಮಾತ್ರ ಕೇಳಿಸಿತು. ಪರವೂರಿನ ಹುಡುಗಿ, ಎಷ್ಟು ಸಭ್ಯಳು ಎಂದು ಅವರು ಮೆಚ್ಚಿಕೊಂಡರು. ಹಾಪ್ಕಿನ್ ಮೂರನೆಯ ಬಾರಿ ಶುರುಮಾಡಿದಾಗ ಪಾದ್ರಿಗಳು ಅವನನ್ನು ಅಪ್ಪಿಕೊಂಡು, ವಿನಯವೂ ಅತಿಯಾದರೆ ಪಾಪ ಎಂದು ಕಿವಿಯಲ್ಲಿ ಎಚ್ಚರಿಸಿದರು. ಬಟ್ಟೆ ಸರಿಯಿತು. ಅವನ ಹೆಸರು ಕಂಚಿನಲ್ಲಿ ಹೊಳೆಯಿತು. ಮಾರ್ಗೆಡ್‌ಳನ್ನು ವೇದಿಕೆಗೆ ಕರೆದು, ಇಂಥ ಅಣ್ಣನಿಗೆ ಇಷ್ಟು ವರ್ಷ ಅಡುಗೆ ಮಾಡಿ ಹಾಕಿದ್ದಕ್ಕಾಗಿ ಡ್ಯಾಫಡಿಲ್ ಹೂವಿನ ಗೊಂಚಲು ಕೊಟ್ಟರು. ಅವಳು ತಗೊಂಡು, ಧನ್ಯವಾದ ಹೇಳಿ, ಕೆಳಗಿಳಿದಳು.

ಅಣ್ಣ ತಂಗಿ ದಂಡೆಯ ಪಕ್ಕದ ದಾರಿಯಲ್ಲಿ ಮನೆಗೆ ನಡೆದರು. ದೂರದಲ್ಲಿ ಮರಳು ಬಗೆದು ಚಿಪ್ಪು ಆರಿಸುವ ಹೆಂಗಸರು ಬಗ್ಗಿದ್ದರು. ಹಾಪ್ಕಿನ್ ಕಾಲು ಎಳೆಯುತ್ತಿದ್ದ.

"ನಿನಗೆ ಗೊತ್ತಿತ್ತಾ?" ಎಂದು ಕೇಳಿದ.

"ಹೂಂ."

"ಯಾವಾಗಿಂದ?"

"ಚೌಕಟ್ಟಿನ ಧೂಳು ಒರೆಸಿದ ಮೊದಲನೇ ದಿನದಿಂದ. ನನಗೆ ಓದಕ್ಕೆ ಬರುತ್ತೆ ಅಣ್ಣಾ."

ಹಾಪ್ಕಿನ್ ದಾರಿಯ ಮೇಲಿನ ಚಿಪ್ಪೊಂದನ್ನು ಸ್ವಲ್ಪ ದೂರ ಒದೆಯುತ್ತಾ ನಡೆದ.

"ಫೆನ್ ಹೊರಡೋ ದಿನ ಹೇಳಿದ್ರು, ಕಾಗದ ಬರೀತೀನಿ, ಕಾದಿರು ಅಂತ," ಎಂದಳು ಮಾರ್ಗೆಡ್. "ದಿನಾ ಬೀದಿ ತುದಿಗೆ ಹೋಗಿ ಎಬೆನೇಸರ್‌ನ ಸೈಕಲ್ಲು ಕಾಯ್ತಿದ್ದೆ. ನೀನೇ ಹಾಸ್ಯ ಮಾಡ್ತಿದ್ದೆ, ಅಂಚೆಯವನ ಮೇಲೆ ಕಣ್ಣು ಅಂತ. ಅವನೂ ಹಂಗೇ ತಿಳ್ಕೊಂಡ. ಒಂದಿನ ಹೊಸ ಕಾಲರ್ ಹಾಕ್ಕೊಂಡು ಬಂದು ಮದುವೆ ಆಗ್ತೀಯಾ ಅಂದ. ನಾನು, ಕಾಗದ ಇದೆಯಾ ಅಂತ ಕೇಳಿದೆ. ಪಾಪ, ಅವನು ಅವತ್ತಿಂದ ನನ್ನ ಹತ್ರ ಮಾತಾಡಿಲ್ಲ. ನಾನು ಕಾಲು ನೋವು ಅಂತ ಮನೇಲಿ ಕೂತಿದ್ದ ದಿನ ಆ ಕಾಗದ ಬಂತು. ನಿನ್ನ ಕೈಗೆ ಕೊಟ್ಟ."

"ಕೇಳ್ಬಹುದಿತ್ತಲ್ಲ! ಕೂಗಾಡ್ಬಹುದಿತ್ತಲ್ಲ!"

"ನೀನು ಉತ್ತರ ಬರೆದಾಗಿತ್ತು. ಅಮ್ಮ ಹಾಸಿಗೆ ಹಿಡಿದಿದ್ರು. ನಾನು ಹೋಗ್ಬಾರದು ಅಂತ ನೀನು ಬೇಕೂ ಅಂತಲೇ ಉತ್ತರ ಹೋಗೋವರೆಗೂ ಬಚ್ಚಿಟ್ಟೆ ಅಂದ್ಕೊಂಡೆ. ಏಳು ವರ್ಷ ನಿನ್ನ ಮೇಲೆ ಸಿಟ್ಟು. ನಿನ್ನ ಗಂಜಿಗೆ ಉಪ್ಪು ಹಾಕ್ತಿರ್ಲಿಲ್ಲ. ಗೊತ್ತಾಯ್ತಾ?"

"ಇಲ್ಲ," ಎಂದ ಹಾಪ್ಕಿನ್. "ವೈದ್ಯರು ಹೇಳಿದ್ದಾರೇನೋ ಅಂದ್ಕೊಂಡೆ."

"ಆಮೇಲೆ ಒಂದಿನ ನೀನು ಗಿರಾಕಿಗೆ ಕಥೆ ಹೇಳೋದು ಕೇಳಿಸ್ಕೊಂಡೆ. ಕಣ್ಣಲ್ಲಿ ನೀರು ಬಂದಿತ್ತು ನಿನಗೆ. ನಿಜವಾಗ್ಲೂ ನಿನ್ನದೇ ಅಂತ ನೀನು ನಂಬಿದ್ದೆ. ಅವತ್ತಿಂದ ಉಪ್ಪು ಹಾಕಿದೆ."

ಬಚ್ಚಿಟ್ಟಿದ್ದರೇ ಚೆನ್ನಾಗಿತ್ತೇನೋ ಎನಿಸಿತು ಹಾಪ್ಕಿನ್‌ಗೆ. ಕಳ್ಳನಾದರೆ ಕ್ಷಮೆ ಕೇಳಬಹುದು. ದಡ್ಡತನಕ್ಕೆ ಯಾವ ಮುಖ ಇಟ್ಟುಕೊಂಡು ಕ್ಷಮೆ ಕೇಳುವುದು? ಆದರೂ ಕೇಳಿದ. ಮಾರ್ಗೆಡ್, "ಆಯ್ತು ಬಿಡು," ಎಂದಳು. ಹಾಗೆಂದದ್ದು ಕ್ಷಮಿಸಿಯೋ, ಮಾತು ಮುಗಿಸಲೋ ಅವನಿಗೆ ಗೊತ್ತಾಗಲಿಲ್ಲ.

ಬೇಕರಿಯ ಮುಂದೆ ಮಿಸ್ ಕಿರ್ಬಿ ಕಾಯುತ್ತಿದ್ದಳು. ಡಚೆಸ್‌ನ ಅಳಿದುಳಿದ ಭಾಗಗಳು ಕಾರ್ಖಾನೆಯಲ್ಲಿವೆ, ಬುಧವಾರ ಬಂದು ನೋಡುತ್ತೀರಾ, ನಮ್ಮವರಿಗೆ ಒಂದೆರಡು ಮಾತು ಹೇಳುತ್ತೀರಾ ಎಂದು ಮಾರ್ಗೆಡ್‌ಳನ್ನು ಕೇಳಿದಳು.

"ಬುಧವಾರದ ಬ್ರೆಡ್ಡು ಯಾರು ಮಾಡ್ತಾರೆ?" ಎಂದಳು ಮಾರ್ಗೆಡ್.

"ನಾನು!" ಎಂದು ಹಾಪ್ಕಿನ್ ಎಷ್ಟು ಜೋರಾಗಿ ಕೂಗಿದನೆಂದರೆ ಡ್ರೈವರು ಕಾರಿನೊಳಗೆ ಎಚ್ಚರಗೊಂಡ.

ಅವಳು ಹೋದಳು. ಟ್ರೈತ್‌ವೆನ್ ಎರಡು ದಿನ ಬಿಸ್ಕತ್ತು ತಿಂದಿತು. ಹಾಪ್ಕಿನ್ ಮೊದಲ ದಿನ ತೆಗೆದ ಬ್ರೆಡ್ಡನ್ನು ರಾಸರ್ ಕತ್ತರಿಸಲು ಹೋಗಿ, ಮಾಂಸ ಕಡಿಯುವ ಮಚ್ಚು ತರಿಸಿದ. ಎರಡನೆಯ ದಿನದ್ದು ಹೊರಗೆ ಕಪ್ಪು, ಒಳಗೆ ಹಸಿ. ದೊಡ್ಡ ಆವಿಷ್ಕಾರಕನ ಮನಸ್ಸು ಇಂಥ ಸಣ್ಣ ಕೆಲಸದಲ್ಲಿ ನಿಲ್ಲುವುದಿಲ್ಲ ಎಂದು ಊರು ಸಮಾಧಾನಪಟ್ಟುಕೊಂಡಿತು.

ಗುರುವಾರ ಸಂಜೆಯ ಬಸ್ಸಿನಲ್ಲಿ ಮಾರ್ಗೆಡ್ ಇಳಿದಳು. ಹಾಪ್ಕಿನ್ ನಿಲ್ದಾಣದಲ್ಲೇ ನಿಂತಿದ್ದ. ಅವಳ ಚೀಲ ತೆಗೆದುಕೊಂಡ. ಮನೆಗೆ ಬಂದು ಅವಳು ಹ್ಯಾಟು ತೆಗೆಯದೆಯೇ ಕುರ್ಚಿಯಲ್ಲಿ ಕೂತಳು. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಅವಳನ್ನು ಹಾಗೆ ನೋಡಿ ಎಷ್ಟು ವರ್ಷವಾಯಿತು ಎಂದು ಅವನಿಗೆ ನೆನಪಾಗಲಿಲ್ಲ.

"ಹೆಂಗಿತ್ತು?"

"ದೊಡ್ಡ ಕೋಣೆ ಅಣ್ಣಾ. ಒಂದು ಕಡೆಯಿಂದ ಗಾಳಿ ಬಿಡ್ತಾರೆ, ನಡುವೆ ಸಣ್ಣ ಕಾರು ಇಟ್ಟಿರ್ತಾರೆ. ಗಾಳಿ ಎಲ್ಲಿ ಹೋಗುತ್ತೆ ಅಂತ ಹೊಗೆ ಬಿಟ್ಟು ನೋಡ್ತಾರೆ. ನಾನು ಅಷ್ಟು ವರ್ಷ ಒಲೆ ಮುಂದೆ ಕೂತು ನೋಡಿದ್ದೆಲ್ಲಾ ಅಲ್ಲಿತ್ತು. ಒಂದು ಕಾರಿನಲ್ಲಿ ಗಾಳಿ ಹಿಂದೆ ಸುತ್ಕೊಳ್ತಿತ್ತು. ಇಲ್ಲಿ ಒಂಚೂರು ತೆರೀರಿ ಅಂದೆ. ತೆರೆದ್ರು. ಸರಿಹೋಯ್ತು."

"ಆಮೇಲೆ?"

"ಮಾತಾಡು ಅಂದ್ರು. ಬಿಳಿ ಕೋಟಿನೋರು ನಲವತ್ತು ಜನ. ಐದು ನಿಮಿಷ ಅಂತ ನಿಂತೋಳು ಒಂದೂವರೆ ಗಂಟೆ ಮಾತಾಡಿದೆ. ನನ್ನೊಳಗೆ ಅಷ್ಟು ಮಾತಿತ್ತು ಅಂತ ನನಗೇ ಗೊತ್ತಿರ್ಲಿಲ್ಲ." ಅವಳು ಕೈಚೀಲವನ್ನು ಮಡಿಲಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿದಳು. "ಕೊನೇಲಿ ಒಬ್ಬ ಹುಡುಗ ಎದ್ದು ಕೇಳ್ದ, ಇಪ್ಪತ್ತೇಳರಲ್ಲಿ ಇಷ್ಟು ಮಾಡಿದೋರು, ಅದಾದ್ಮೇಲೆ ಏನೇನು ಮಾಡಿದ್ರಿ ಮಿಸ್ ಬೇನನ್, ಅಂತ."

"ನೀನೇನಂದೆ?"

"ಬ್ರೆಡ್ಡು ಮಾಡಿದೆ ಅಂದೆ."

ಹಾಪ್ಕಿನ್ ಅವಳ ಚೀಲವನ್ನು ನೆಲಕ್ಕಿಟ್ಟ.

"ತಮಾಷೆ ಮಾಡ್ತಿದೀನಿ ಅಂದ್ಕೊಂಡ್ರು," ಎಂದಳು ಮಾರ್ಗೆಡ್. "ನಲವತ್ತು ಜನಾನೂ ಬಿದ್ದು ಬಿದ್ದು ನಕ್ರು. ನಾನೂ ನಕ್ಕೆ."

ಅವಳು ಹ್ಯಾಟಿನ ಸೂಜಿ ಎಳೆದು, ಹ್ಯಾಟು ತೆಗೆದು ಮೇಜಿನ ಮೇಲಿಟ್ಟು, ನಾಳೆಗೆ ಹಿಟ್ಟು ಎಷ್ಟಿದೆ ಎಂದು ನೋಡಲು ಒಳಗೆ ಹೋದಳು.